ಜೇನುಕರಡಿಗೆ ಕೊಟ್ಟ ದನಿ

ಯಾಂಬೊಲ್,
ನವೆಂಬರ್ 17

ಪ್ರೀತಿಯ ಡೋನ್ಕಾ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಕೆಂಪು ಮೆಣಸಿನ ಗೊಜ್ಜಿನ ಬಾಟಲಿಗಳೂ ಒಂದೂ ಒಡೆಯದೆ ತಲುಪಿದವು. ಇಷ್ಟಾದರೂ ಎರಡು ಸಾಲು ಬರೆಯಲಿಲ್ಲ, ಬೈದುಕೋ. ಫೋನು ಮಾಡಿದರೆ ಎತ್ತುವುದಿಲ್ಲವೆಂದು ನೀನು ಮುನಿಸಿಕೊಂಡಿರುವುದೂ ಗೊತ್ತು. ಫೋನಿನಲ್ಲಿ ಮಾತಾಡುವುದು ಈಗೀಗ ನನ್ನಿಂದ ಆಗುತ್ತಿಲ್ಲ ಕಣೇ. ಅಕ್ಷರ ಅಂಕುಡೊಂಕಾಗಿದ್ದರೆ ಸಹಿಸಿಕೋ, ಆಸ್ಪತ್ರೆಯ ಮೊಗಸಾಲೆಯಲ್ಲಿ ತೊಡೆಯ ಮೇಲೆ ಚೀಲವಿಟ್ಟುಕೊಂಡು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಅಮ್ಮ ಬಿದ್ದಳು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಈ ವಯಸ್ಸಿಗೆ ಅವಳು ತಡೆದುಕೊಂಡದ್ದೇ ದೊಡ್ಡದು ಎನ್ನುತ್ತಾರೆ ಡಾಕ್ಟರು.

ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೋಫಿಯಾಗೆ ಹೋಗಿ ದನಿ ಕೊಟ್ಟು ಬಂದೆನೆಂದು ವಸಂತದಲ್ಲಿ ಬರೆದಿದ್ದೆನಲ್ಲ? ಫೋನಿನಲ್ಲಿ ಜೂಜಾಡುವ ಆಟ ಅದು. ಪರದೆಯ ಮೇಲೆ ಚಿತ್ರದ ಪಟ್ಟಿಗಳು ಸರ್ರನೆ ತಿರುಗುತ್ತವೆ: ನರಿ, ಕಾಡುಹಂದಿ, ಗೂಬೆ, ಜೇನುಗೂಡು. ಕರಡಿ ಬಂದು ನಿಂತರೆ ಮಾತ್ರ ಅದು ಹಿಂಗಾಲ ಮೇಲೆ ಎದ್ದು ಮೈಮುರಿಯುತ್ತದೆ. ಆಗ ಆ ಪಟ್ಟಿ ಮೇಲಕ್ಕೆ ಬೆಳೆಯುತ್ತದೆ, ಪಕ್ಕದ್ದೂ ಬೆಳೆಯುತ್ತದೆ, ನೋಡನೋಡುತ್ತ ಕಾಡು ಪರದೆ ತುಂಬ ಹಬ್ಬುತ್ತದೆ. ಪಟ್ಟಿ ಬೆಳೆದಷ್ಟೂ ಗೆಲ್ಲುವ ದಾರಿ ಹೆಚ್ಚಂತೆ. ಅಷ್ಟು ಹೊತ್ತೂ ಕರಡಿ ಆಡುವವರನ್ನು ಕರೆಯುತ್ತಲೇ ಇರಬೇಕು.

ನಮ್ಮ ಬೊಂಬೆಯಾಟದ ಕರಡಿಯ ಹಾಗೆ ಗಂಟಲು ಒರಟು ಮಾಡಿಕೊಂಡು ನಾನು ಶುರುಮಾಡಿದೆ. ನೀನು ಕೈಯಾಡಿಸಿ ನಾನು ಬಾಯಾಡಿಸಿ ಅದೆಷ್ಟು ಮಕ್ಕಳನ್ನು ಕುಣಿಸಿದ್ದೇವೆ! ಆದರೆ ದನಿ ಹಿಡಿಯಲು ಕೂತಿದ್ದ ಈವಾ ಎಂಬ ಹುಡುಗಿ ತಲೆಯಾಡಿಸಿದಳು. "ಇದು ಹೆದರಿಸೋ ಕರಡಿ ಅಲ್ಲ ರುಮಿ ಆಂಟಿ. ಹೊರಗೆ ಆಡ್ತಿರೋ ಮಗೂನ ಊಟಕ್ಕೆ ಕರೀತೀರಲ್ಲ, ಹಂಗೆ ಕರೀರಿ" ಎಂದಳು. ಒರಟೆಲ್ಲ ಬಿಟ್ಟು ನನ್ನದೇ ದನಿಯಲ್ಲಿ ಕರೆದೆ: "ಬಾ, ಬಾ, ಇನ್ನೂ ಹತ್ರ ಬಾ!" ಈವಾ ಚಪ್ಪಾಳೆ ತಟ್ಟಿದಳು. "ಇದೇ ಬೇಕಾಗಿದ್ದು! ಇದನ್ನ ಕೇಳಿದೋರು ಎದ್ದೇ ಹೋಗಲ್ಲ ನೋಡಿ."

ಮನೆಗೆ ಬಂದು ಹೇಳಿದಾಗ ಮೆತೋದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ವರ್ಷ ಮೂರು ಕಾಸಿಗೆ ಗುರ್ ಅಂದೆ. ಈಗ ನೋಡು, ಇಡೀ ದೇಶಕ್ಕೆ ಗುರ್ ಅಂತೀಯ!" ನನ್ನ ಗಂಡ ನಿನಗೆ ಗೊತ್ತಲ್ಲ. ರೈಲು ಓಡಿಸುತ್ತಿದ್ದಾಗ ಗಡಿಯಾರದ ಮುಳ್ಳಿನಂತೆ ಇದ್ದವನು ನಿವೃತ್ತಿಯಾದ ಮೇಲೆ ಅಡುಗೆಮನೆಗೂ ಬಾಲ್ಕನಿಗೂ ಓಡಾಡಿ ಓಡಾಡಿ ನೆಲ ಸವೆಸುತ್ತಿದ್ದ. ಆಟ ಹೊರಬಂದ ದಿನವೇ ಫೋನಿಗೆ ಹಾಕಿಸಿಕೊಂಡ. ಪಕ್ಕದ ಮನೆಯವರು ರಾಕಿಯಾ ಕುಡಿಯಲು ಬಂದರೆ ಫೋನು ಎತ್ತಿ ಹಿಡಿದು, "ಕೇಳ್ರೋ, ನನ್ನ ಹೆಂಡ್ತಿ ಕರೀತಿದಾಳೆ!" ಎನ್ನುತ್ತಿದ್ದ. ನಾನೂ ಬೀಗಿದೆ ಎನ್ನು. ಬಸ್ಸಿನಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ ಯಾರದೋ ಜೇಬಿನಿಂದ ನನ್ನ ದನಿ ಕೇಳಿ ಬಂದರೆ ಪಕ್ಕದವರಿಗೆ ಹೇಳೋಣವೇ ಎನಿಸುತ್ತಿತ್ತು.

ಬೇಸಿಗೆ ಕಳೆಯುವಷ್ಟರಲ್ಲಿ ಅವನು ಯಾರಿಗೂ ಕೇಳಿಸುವುದನ್ನು ಬಿಟ್ಟ. ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಬಾಲ್ಕನಿಯಲ್ಲಿ ಕೂರತೊಡಗಿದ. ಚೀಸ್ ತುಂಬಿ ಬಾನಿತ್ಸಾ ಬೇಯಿಸಿಟ್ಟು ಕರೆದರೆ "ಬಂದೆ" ಎನ್ನುತ್ತಾನೆ, ಬರುವುದಿಲ್ಲ. ಬಾಗಿಲ ಹತ್ತಿರ ನಿಂತರೆ ಅವನ ಕಿವಿಯಿಂದ ನನ್ನದೇ ದನಿ ಸಣ್ಣಗೆ ಸೋರುತ್ತಿರುತ್ತದೆ. ಇಲ್ಲಿಂದ ನಾನು ಕರೆಯುತ್ತೇನೆ, ಅಲ್ಲಿಂದ ಅದು ಕರೆಯುತ್ತದೆ. ಅವನು ಅದರ ಕಡೆಗೇ ಇರುತ್ತಾನೆ. ಒಂದು ದಿನ ತಾಳಲಾರದೆ ಕೂಗಾಡಿದೆ. ಅವನು ತಲೆಯೆತ್ತದೆ ಹೇಳಿದ: "ಯಾವಳ ಜೊತೆ ಕೂತಿದೀನಿ ಅಂತ ಜಗಳ ಆಡ್ತೀಯ? ನಿನ್ನ ಜೊತೆನೇ ಅಲ್ವಾ?"

ಬೇರೆ ಹೆಂಗಸಾಗಿದ್ದರೆ ಹೋಗಿ ಜುಟ್ಟು ಹಿಡಿಯಬಹುದಿತ್ತು. ಹಣದ ಮಾತು ಇಲ್ಲಿ ಬೇಡ, ಹೋದದ್ದು ಹೋಯಿತು. ನನ್ನನ್ನು ತಿಂದದ್ದು ಅದಲ್ಲ. ಮನೆಯೊಳಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಹಾಲಿನ ಅಂಗಡಿಗೆಂದು ಹೊರಟವಳು ಮೆಟ್ಟಿಲಿಳಿದು ಮತ್ತೆ ಹತ್ತಿ ಬರುತ್ತಿದ್ದೆ. ಈಗಲೂ ಅಷ್ಟೇ, ಈ ಮೊಗಸಾಲೆಯಲ್ಲಿ ಯಾರ ಫೋನು ಸದ್ದು ಮಾಡಿದರೂ ಎದ್ದು ನಿಲ್ಲುತ್ತೇನೆ. ಇಷ್ಟು ಬರೆಯುವುದರೊಳಗೆ ಅದೆಷ್ಟು ಸಲ ಎದ್ದೆನೋ!

ಎರಡು ವಾರದ ಹಿಂದೆ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ತೋರಿಸಬೇಕಿತ್ತು. ನನಗೆ ಅದೇ ದಿನ ಸ್ಲಿವೆನ್‌ನ ಶಾಲೆಯೊಂದರಲ್ಲಿ ಬೊಂಬೆಯಾಟ. "ನಾನಿದೀನಲ್ಲ, ಅತ್ತೇನ ಕರ್ಕೊಂಡು ಹೋಗಿ ಬರ್ತೀನಿ" ಎಂದ ಮೆತೋದಿ. ಕರೆದುಕೊಂಡೂ ಹೋದ. ಒಳಗೆ ಬಿಟ್ಟು ಕಾರಿನಲ್ಲಿ ಕಾಯುತ್ತ ಕೂತ. ಕಣ್ಣಿಗೆ ಹನಿ ಹಾಕಿ ನೋಡಿದ ಮೇಲೆ ನರ್ಸು ಅಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಇನ್ನೂ ಸ್ವಲ್ಪ ಹೊತ್ತು ಸರಿಯಾಗಿ ಕಾಣಲ್ಲ ಅಜ್ಜಿ, ಅಳಿಯ ಬರೋ ತನಕ ಏಳ್ಬೇಡಿ" ಎಂದು ಹೇಳಿ, ಮೆತೋದಿಗೆ ಫೋನು ಮಾಡಿದಳಂತೆ. ಅವನು "ಬಂದೆ" ಎಂದನಂತೆ.

ಆ ಚಳಿಯಲ್ಲಿ ಅಮ್ಮ ಕಾದಳು. ಆಮೇಲೆ ತಾನಾಗಿ ಎದ್ದು ಕಾರುಗಳು ನಿಂತ ಕಡೆ ನಡೆದಳು. ಕಟ್ಟೆಯ ಅಂಚು ಕಾಣಲಿಲ್ಲ. ಜನ ಕೂಗಿಕೊಂಡಾಗಲೇ ಮೆತೋದಿ ತಲೆಯೆತ್ತಿದ್ದು. ಅವನ ಕಾರಿನಿಂದ ನಾಲ್ಕು ಮಾರು ದೂರದಲ್ಲಿ ಬಿದ್ದಿದ್ದಳು.

ನಾನು ಸ್ಲಿವೆನ್‌ನಿಂದ ಓಡಿ ಬಂದಾಗ ಅವನು ಗೋಡೆಗೆ ಹಣೆ ಒತ್ತಿ ನಿಂತಿದ್ದ. "ಕೂತಿರಿ ಅಂತ ನರ್ಸು ಹೇಳಿದ್ರಂತಲ್ಲ ರುಮೀ, ಅವ್ರು ಯಾಕೆ ಎದ್ದು ಬಂದ್ರು? ಯಾಕೆ ಬಂದ್ರು?" ಎಂದು ಅದನ್ನೇ ಹೇಳುತ್ತಿದ್ದ. ಬೈಯಬೇಕೆಂದು ಬಂದವಳು ಬೈಯಲಿಲ್ಲ. ಅಷ್ಟು ಮುದುಕನಾಗಿ ಅವನು ಎಂದೂ ಕಂಡಿರಲಿಲ್ಲ.

ಅವತ್ತೇ ಆಟ ಅಳಿಸಿದ. ಮರುದಿನ ತಾನೇ ಸರ್ಕಾರಿ ಕಚೇರಿಗೆ ಹೋಗಿ, ಯಾವ ಜೂಜಿನ ಆಟವೂ ತನಗೆ ತೆರೆಯದ ಹಾಗೆ ನಿಷೇಧದ ಪಟ್ಟಿಯಲ್ಲಿ ಹೆಸರು ಬರೆಸಿ ಬಂದ. ಈಗ ಬೆಳಿಗ್ಗೆಯೆಲ್ಲ ಅಮ್ಮನ ಹಾಸಿಗೆಯ ಪಕ್ಕದಲ್ಲಿರುತ್ತಾನೆ, ಸೂಪು ಕುಡಿಸುತ್ತಾನೆ. ಕೈಗೆ ಏನು ಕೆಲಸ ಕೊಡುವುದೆಂದು ತಿಳಿಯದೆ ಕಿತ್ತಳೆ ಸುಲಿದು ಸುಲಿದು ವಾರ್ಡಿನವರಿಗೆಲ್ಲ ಹಂಚುತ್ತಾನೆ. ಅಮ್ಮ ಅವನನ್ನು ಒಂದು ಮಾತೂ ಅನ್ನಲಿಲ್ಲ. "ರೈಲು ಓಡಿಸಿದ ಕೈ ಕಣೋ ಇದು, ಚಮಚ ಅಲ್ಲಾಡಿಸ್ಬೇಡ" ಎಂದು ರೇಗಿಸುತ್ತಾಳೆ. ಅವನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾನೆ.

ಈವಾಗೆ ಫೋನು ಮಾಡಿದ್ದೆ, ನನ್ನ ದನಿ ತೆಗೆದುಬಿಡು ತಾಯಿ ಎಂದು. "ಅಯ್ಯೋ ಆಂಟಿ, ಕರಾರು ಬರೆದುಕೊಟ್ಟಿದೀರಲ್ಲ, ಈಗ ಆಗಲ್ಲ. ಜನಕ್ಕೆ ಹಿಡಿಸಿರೋದೇ ನಿಮ್ಮ ದನಿ. ಚಳಿಗಾಲಕ್ಕೆ ಆಟದಲ್ಲಿ ಮರಿಕರಡಿಗಳೂ ಬರ್ತಿವೆ, ಒಂದು ದಿನ ಬಂದು ಅವನ್ನೂ ಕರೀತೀರಾ?" ಎಂದಳು. ಒಳ್ಳೆಯ ಹುಡುಗಿ, ಅವಳದೇನು ತಪ್ಪು? ಬರುವುದಿಲ್ಲ ಎಂದಷ್ಟೇ ಹೇಳಿ ಫೋನಿಟ್ಟೆ.

ನಮ್ಮ ಬೊಂಬೆಯಾಟದ ನಿರ್ದೇಶಕ ಝಹಾರಿ ಹೊಸ ವರ್ಷಕ್ಕೆ ಕರಡಿಯಾಟವೇ ಬೇಕೆಂದು ಕೂತಿದ್ದಾನೆ. ಗಂಟಲು ಕೆಟ್ಟಿದೆ ಎಂದೆ. "ಜೇನು ನೆಕ್ಕು, ಕರಡಿಗೆ ಅದೇ ಮದ್ದು" ಎಂದ ಆ ಮಹಾರಾಯ. ಕರಡಿಯನ್ನು ಹೊಸದಾಗಿ ಸೇರಿದ ವಿಲಿಯಾನಾಗೆ ಕೊಟ್ಟುಬಿಟ್ಟೆ. ಅವಳು ಚೆನ್ನಾಗಿ ಮಾಡುತ್ತಾಳೆ. ನಿನಗೆ ಹೊಟ್ಟೆಯುರಿಯಾಗುವಷ್ಟು ಚೆನ್ನಾಗಿ.

ನಿನ್ನ ಮೊಣಕಾಲು ಹೇಗಿದೆ? ರೂಸೆಯ ನದಿಗಾಳಿಗೆ ತಲೆ ಕೊಟ್ಟು ತಿರುಗಬೇಡ. ನಿನ್ನ ಮನೆ ತಣ್ಣಗಿರಲಿ, ನಿನ್ನ ತಂಗಿಗೂ ಅವಳ ಮಕ್ಕಳಿಗೂ ಒಳ್ಳೆಯದಾಗಲಿ, ದೇವರು ನಿನ್ನ ನಗುವನ್ನು ಹಾಗೇ ಉಳಿಸಲಿ.

ಎಂದಿನಂತೆ ನಿನ್ನ,
ರುಮ್ಯಾನಾ

ಮರುಬರಹ: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಇದನ್ನು ಹೇಳದೆ ಕಳಿಸಿದರೆ ಈ ಕಾಗದ ಬರೆದೂ ಬರೆಯದ ಹಾಗೆ.

ಅಮ್ಮ ಯಾಕೆ ಎದ್ದು ನಡೆದಳೆಂದು ನನಗೆ ಗೊತ್ತು. ಆಪರೇಷನ್ ಆಗಿ ಎಚ್ಚರವಾದ ಮೇಲೆ ಅವಳೇ ಹೇಳಿದಳು. ಅವತ್ತು ಮೆತೋದಿಯ ಇಯರ್‌ಫೋನು ಚಾರ್ಜ್ ಮುಗಿದು ಬಿದ್ದಿತ್ತು. ಸಿಗರೇಟಿನ ಹೊಗೆಗೆಂದು ಕಾರಿನ ಕಿಟಕಿ ಇಳಿಸಿಕೊಂಡಿದ್ದ.

"ನಾನೇನು ಸುಮ್ಸುಮ್ನೆ ಎದ್ದೆನೇನೇ? ಕಣ್ಣಿಗೆ ಎಲ್ಲ ಬಿಳೀ ಬಿಳೀ ಆಗಿತ್ತು. ಅಷ್ಟರಲ್ಲಿ ನೀನು ಕರೆದದ್ದು ಕೇಳಿಸ್ತು. ಬಾ, ಬಾ ಅಂದೆ. ಮಗಳು ಬಂದುಬಿಟ್ಲಲ್ಲ ಅಂತ ಕೈ ಚಾಚ್ಕೊಂಡು ಬಂದೆ. ನೀನು ಹತ್ರ ಬಾ, ಹತ್ರ ಬಾ ಅಂತಾನೇ ಇದ್ದೆ. ಕೈ ಯಾಕೆ ಹಿಡೀಲಿಲ್ಲ ರುಮೀ?"

ಅದು ನಾನಲ್ಲ ಎನ್ನಲೇ ಡೋನ್ಕಾ? "ಹಿಡಿಯೋಷ್ಟರಲ್ಲಿ ಬಿದ್ದುಬಿಟ್ಟೆಯಲ್ಲಮ್ಮ" ಎಂದೆ. ಅವಳು ನನ್ನ ಕೈ ತಟ್ಟಿ, "ಹೋಗ್ಲಿ ಬಿಡು, ಬಂದಿದ್ದೆಯಲ್ಲ" ಎಂದಳು. ಮೆತೋದಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಅವನು ಉಳಿಯುವುದಿಲ್ಲ, ನಾನು ಹೇಳುವುದೂ ಇಲ್ಲ.

ಈಗ ವಾರ್ಡಿಗೆ ಹೋದಾಗ ಬಾಗಿಲಲ್ಲಿ ನಿಂತು ಅಮ್ಮನನ್ನು ಕರೆಯುವುದಿಲ್ಲ. ಸದ್ದಿಲ್ಲದೆ ಹಾಸಿಗೆಯವರೆಗೂ ನಡೆದು, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ ಮೇಲೆಯೇ ಬಾಯಿ ತೆರೆಯುತ್ತೇನೆ.