ನಾನು ಸೊನ್ನೆ ಹಾಕಿದ ಅತ್ತೆಗೆ

ಅತ್ತೆ,

ನಿಮ್ಮ ಸೊಸೆ ಶಾರದೆಯ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಹಾಕಿ ಅಂತ ಬರೆಯುವುದು ರೂಢಿ. ನೀವು ಯಾವ ಅಂಚೆ ಡಬ್ಬಿಗೆ ಹಾಕುತ್ತೀರಿ? ನೀವು ಹೋಗಿ ಎರಡು ವರ್ಷವಾಯಿತು. ಒಂದು ಕಾಗದ ಬರೆಯೋಕೆ ಇಷ್ಟು ದಿನ ಬೇಕಾಯ್ತೇನೇ ಅಂತ ಕೇಳುತ್ತೀರಿ, ಗೊತ್ತು. ಹೋದ ಶನಿವಾರದ ಸುದ್ದಿ ಒಂದಿದೆ, ಅದಕ್ಕೇ ಕೂತೆ. ಅದನ್ನು ಹೇಳುವ ಮುಂಚೆ ನಮ್ಮ ಹಳೆಯ ವಿಷಯ ಒಂದಿಷ್ಟು ಹೇಳಿಕೊಳ್ಳಬೇಕು. ಮಧ್ಯೆ ಬಾಯಿ ಹಾಕಬೇಡಿ.

ಆ ಬೆಳಗ್ಗೆ ನೆನಪಿದೆಯಾ? ಆಗಿನ್ನೂ ತೊಂಬತ್ತರ ದಶಕದ ಶುರು. ನಾನು ಮದುವೆಯಾಗಿ ಬಸವನಗುಡಿಯ ನಿಮ್ಮ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ವಯಸ್ಸಾದವರಿಗೆ ಬರುವ ಮರೆವಿನ ಕಾಯಿಲೆ, ಡಿಮೆನ್ಷಿಯಾ, ಅದರ ಸಂಶೋಧನೆಗೆ ಆಗಷ್ಟೇ ಸೇರಿದ್ದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ ಪ್ರಶ್ನೆಗಳ ಹಾಳೆಯೊಂದನ್ನು ಆಸ್ಪತ್ರೆಯಲ್ಲಿ ಕೈಗೆ ಕೊಟ್ಟಿದ್ದರು. ರೋಗಿಗಳ ಹತ್ತಿರ ಹೋಗುವ ಮುಂಚೆ ಮನೆಯಲ್ಲೇ ಒಂದು ಕೈ ನೋಡೋಣ ಅಂತ ಅಡುಗೆಮನೆಯಲ್ಲಿ ನಿಮ್ಮನ್ನು ಹಿಡಿದು ಕೂರಿಸಿದೆ. ಒಲೆಯ ಮೇಲೆ ಹಾಲಿತ್ತು.

ಇವತ್ತು ಎಷ್ಟನೇ ತಾರೀಖು ಅಂದೆ. "ತಾರೀಖು ಯಾರಿಗೆ ಬೇಕೇ? ದಶಮಿ. ನಾಳೆ ಏಕಾದಶಿ, ನಂಗೆ ಊಟ ಇಲ್ಲ. ನಿಮ್ಮಿಬ್ರಿಗೆ ಏನ್ಮಾಡ್ಲಿ ಹೇಳು" ಅಂದಿರಿ. ಸೊನ್ನೆ ಹಾಕಿದೆ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದರೆ, "ಸುಮ್ಸುಮ್ನೆ ಯಾಕೆ ಕಳೀಬೇಕು?" ಮತ್ತೆ ಸೊನ್ನೆ. ಒಂದು ವಾಕ್ಯ ಬರೆಯಿರಿ ಅಂದರೆ 'ಶ್ರೀರಾಮ' ಅಂತ ಬರೆದು ಹಾಳೆಯನ್ನು ಕಣ್ಣಿಗೊತ್ತಿಕೊಂಡಿರಿ. ವಾಕ್ಯವೆಂದರೆ ಕ್ರಿಯಾಪದ ಇರಬೇಕು ಅಂತ ನಿಯಮ, ಅಲ್ಲೂ ಸೊನ್ನೆ. ಒಂದು ಚಿತ್ರ ನೋಡಿ ಹಾಗೇ ಬರೆಯಬೇಕಿತ್ತು. ನೀವು ಮೊದಲು ಚುಕ್ಕಿ ಇಟ್ಟಿರಿ, ಆಮೇಲೆ ಗೆರೆಗಳನ್ನು ಸುತ್ತಿ ಮುಚ್ಚಿ ಚೆಂದದ ರಂಗೋಲಿ ಮಾಡಿದಿರಿ. "ಚುಕ್ಕಿ ಇಲ್ದೆ ಹೆಂಗಮ್ಮ ಎಳೆಯೋದು?" ಅಂತ ನನ್ನನ್ನೇ ಕೇಳಿದಿರಿ. ಹೌದು ಅತ್ತೆ, ಅದಕ್ಕೂ ಸೊನ್ನೆ. ಅಷ್ಟರಲ್ಲಿ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು.

ಸಂಜೆ ನಿಮ್ಮ ಮಗ ಬ್ಯಾಂಕಿನಿಂದ ಬಂದವರೇ ಆ ಹಾಳೆ ನೋಡಿದರು, ಸೀದುಹೋದ ಹಾಲಿನ ವಾಸನೆಯನ್ನೂ ಹಿಡಿದರು. ಅಮ್ಮನಿಗೆ ಮರೆವಿನ ಕಾಯಿಲೆಯೇ ಬಂದಿದೆ ಅಂತ ನಂಬಿಬಿಟ್ಟರು. ಹಗಲು ಹೊತ್ತು ನೀವೊಬ್ಬರೇ ಮನೆಯಲ್ಲಿ, ಗ್ಯಾಸ್ ಬೇರೆ. ಮಾರನೆಯ ಬೆಳಗ್ಗೆ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ಆಫೀಸಿನ ಬ್ಯಾಗಿಗೆ ಹಾಕಿಕೊಂಡು ಹೊರಟೇಬಿಟ್ಟರು. ಗಾಂಧಿ ಬಜಾರಿಗೆ ಒಬ್ಬರೇ ಹೋಗಬಾರದು ಅಂತ ನಿಮಗೂ ಹೇಳಿದರು, ಪಕ್ಕದ ಮನೆಯವರಿಗೂ ಹೇಳಿದರು. ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಎಲ್ಲರಿಗಿಂತ ಮೊದಲು ಕಾಯಿಲೆ ಕಂಡುಹಿಡಿದೆ ಅಂತ ಒಳಗೊಳಗೇ ಜಂಬ! ಒಂದೇ ಸೂರಿನಡಿ ಇದ್ದು ನಿಮ್ಮನ್ನು ನೋಡುವುದು ಬಿಟ್ಟು ಹಾಳೆ ನೋಡಿದೆನಲ್ಲ ಅತ್ತೆ, ನನಗೇನಾಗಿತ್ತು?

ಎರಡು ವಾರವೋ ಏನೋ, ಮಧ್ಯಾಹ್ನ ತಣ್ಣಗಿನ ಅನ್ನ ಉಂಡಿರಿ. ಜಗಳವಾಡಲಿಲ್ಲ, ಅಳಲಿಲ್ಲ. ಒಂದೇ ಒಂದು ಸಲ ಬ್ಯಾಗು ಹಿಡಿದು ಹೊರಟ ಮಗನ ಮುಂದೆ ನಿಂತು, "ನಾನೇನ್ ತಪ್ಪು ಮಾಡ್ದೆನೋ?" ಅಂದಿರಿ. ಅವರು ಚಪ್ಪಲಿ ಹುಡುಕುವ ಹಾಗೆ ತಲೆ ಬಗ್ಗಿಸಿದರು. ಕಾಲಲ್ಲಿ ಚಪ್ಪಲಿ ಇತ್ತು. ನಾನು ಸ್ನಾನದ ಮನೆಗೆ ಹೋಗಿಬಿಟ್ಟೆ.

ಆಮೇಲೆ ಬಂತಲ್ಲ ಆ ಭಾನುವಾರ! ನನ್ನ ಹಾಳೆಯ ಹಿಂಬದಿ ತಿರುಗಿಸಿ, ಪೆನ್ಸಿಲ್ ಹಿಡಿದು, "ಬಾರೇ ಇಲ್ಲಿ, ಈಗ ನಾನು ಕೇಳ್ತೀನಿ" ಅಂತ ಎದುರಿಗೆ ಕೂರಿಸಿದಿರಿ. ಇದು ಯಾವ ಮಾಸ? ಗೊತ್ತಿಲ್ಲ. ನಿನ್ನ ಮಾವನ ಶ್ರಾದ್ಧ ಯಾವ ಪಕ್ಷ, ಯಾವ ತಿಥಿ? ನಾನು ತಾರೀಖು ಹೇಳಿದೆ, ನೀವು ತಲೆಯಾಡಿಸಿದಿರಿ. ಹುಳಿಪುಡಿಗೆ ಏನೇನು ಹಾಕ್ತಾರೆ, ಎಷ್ಟೆಷ್ಟು? ಕೊತ್ತಂಬರಿ ಬೀಜ, ಮೆಣಸಿನಕಾಯಿ... ಆಮೇಲೆ... ಆಮೇಲೆ ಏನೂ ಇಲ್ಲ. ಏಳು ಚುಕ್ಕಿಯ ರಂಗೋಲಿ ಎಳೆಯಲು ಹೋಗಿ ಜೇಡರಬಲೆ ಮಾಡಿದೆ. ನೀವು ಸೊನ್ನೆ ಮೇಲೆ ಸೊನ್ನೆ ಸುತ್ತುತ್ತಾ, "ಅಯ್ಯೋ ಪಾಪ, ಇಷ್ಟು ಚಿಕ್ಕ ವಯಸ್ಸಿಗೇ ಬಂದ್ಬಿಡ್ತಲ್ಲೇ! ನಾಳೆಯಿಂದ ನಿನ್ನ ಆಸ್ಪತ್ರೆಗೆ ಕಳಿಸ್ಬಾರ್ದು ಅಂತ ನಮ್ಮ ಮುರಳಿಗೆ ಹೇಳ್ತೀನಿ" ಅಂದಿರಿ. ನೀವು ನಗುತ್ತಿದ್ದಿರಿ. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ.

ಅವತ್ತೇ ನಿಮ್ಮ ಮಗನಿಗೆ ಹೇಳಿದೆ: ತಪ್ಪು ಅಮ್ಮನದಲ್ಲ, ಪ್ರಶ್ನೆಗಳದ್ದು, ನನ್ನದು. ಅವರು ರೆಗ್ಯುಲೇಟರ್ ತೆಗೆದುಕೊಂಡು ಒಬ್ಬರೇ ಅಡುಗೆಮನೆಗೆ ಹೋದರು. ನಾಚಿಕೆಯಿಂದ ನಾನು ನಡುಮನೆಯಲ್ಲೇ ಉಳಿದೆ. ಒಳಗೆ ಅಮ್ಮ, ಮಗ ಏನು ಮಾತಾಡಿಕೊಂಡಿರೋ, ನೀವಿಬ್ಬರೂ ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಅವರು ಕ್ಷಮೆ ಕೇಳುವವರ ಪೈಕಿ ಅಲ್ಲ ಅಂತ ಮಾತ್ರ ನನಗೆ ಗೊತ್ತಿತ್ತು.

ನನ್ನ ನಿಜವಾದ ಓದು ಶುರುವಾದದ್ದು ಅಲ್ಲಿಂದ. ಹೊಸ ಹಾಳೆ ಮಾಡಲು ಹೊರಟಾಗ ತಿಥಿ, ರಂಗೋಲಿ, ಹುಳಿಪುಡಿ ಎಲ್ಲವನ್ನೂ ಹಾಗೇ ತುಂಬಿದ್ದೆ. ನೀವು ನೋಡಿ ಬೈದಿರಿ. "ದಡ್ಡಿ! ಸೊಪ್ಪಿನವಳಿಗೆ ಏಕಾದಶಿ ಕೇಳಿದ್ರೆ ಅವಳಿಗೂ ಸೊನ್ನೇನೇ ಬರೋದು. ಅವಳಿಗೆ ಸೊಪ್ಪಿನ ವಿಷಯ ಕೇಳು." ಈ ಮಾತನ್ನು ನನಗೆ ಯಾವ ಪ್ರೊಫೆಸರೂ ಹೇಳಿರಲಿಲ್ಲ. ಆಮೇಲೆ ನಾವಿಬ್ಬರೂ ಸೇರಿ ಚಾಮರಾಜಪೇಟೆಯ ಜಗಲಿಗಳಲ್ಲಿ, ಬಳೇಪೇಟೆಯ ಬಳೆ ಅಂಗಡಿಗಳ ಹಿಂದಿನ ಮನೆಗಳಲ್ಲಿ ಎಷ್ಟು ಹೆಂಗಸರ ಮುಂದೆ ಕೂತೆವು! ನೀವು ಆಟೋದಿಂದ ಇಳಿದವರೇ ನೀರು ಕೇಳಿ, ಮೊಮ್ಮಕ್ಕಳ ವಿಷಯ ಎತ್ತಿ, ಅರ್ಧ ಗಂಟೆ ಹರಟೆ. ಆ ಹರಟೆಯಲ್ಲೇ ಹೋದ ವರ್ಷ ಏನು ಮಾಡುತ್ತಿದ್ದರು, ಈಗ ಯಾವುದು ಕೈಗೆ ಹತ್ತುತ್ತಿಲ್ಲ ಅನ್ನುವುದು ಹೊರಗೆ ಬರುತ್ತಿತ್ತು. ಒಲೆ ಮೇಲೆ ಹಾಲಿಟ್ಟವರನ್ನು ಏನೂ ಕೇಳಬಾರದು ಅನ್ನುವುದೂ ನಿಮ್ಮದೇ ಕಾನೂನು. ಈಗ ನನ್ನ ಕೈಕೆಳಗೆ ಕಲಿಯುವ ಹುಡುಗಿಯರಿಗೆಲ್ಲ ಅದನ್ನೇ ಮೊದಲ ಪಾಠ ಮಾಡುತ್ತೇನೆ. ನನ್ನ ಹೆಸರಿನ ಹಿಂದೆ ಮುಂದೆ ಇವತ್ತು ಏನೇನು ಅಕ್ಷರಗಳಿವೆಯೋ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದು ಅತ್ತೆ. ಎದುರಿಗೆ ಇದ್ದಾಗ ಇದನ್ನು ಒಂದು ಸಲವಾದರೂ ಹೇಳಿದ್ದೆನಾ?

ಹತ್ತು ಹನ್ನೆರಡು ವರ್ಷಗಳ ಮೇಲೆ ನಿಜವಾದ ಕಾಯಿಲೆಯೇ ನಿಮಗೆ ಬಂತು. ಒಂದೇ ಬೆಳಗ್ಗೆ ಎರಡು ಸಲ ಹುಳಿಗೆ ಬೇಳೆ ಇಟ್ಟಿರಿ. ಪಂಚಾಂಗ ಕೈಯಲ್ಲಿ ಹಿಡಿದು ಪುಟ ಸಿಗದೆ ಕೂತಿರುತ್ತಿದ್ದಿರಿ. ನಾನು ನೋಡಿಯೂ ನೋಡದ ಹಾಗಿದ್ದೆ. ನೀವೇ ಕರೆದು, "ನಮ್ಮ ಹಾಳೆ ತಗೊಂಬಾರೇ" ಅಂದಿರಿ. ತಂದೆ. ಕೇಳಿದೆ. ತಪ್ಪಿದ ಎರಡು ಕಡೆ ಸರಿ ಅಂತ ಗುರುತು ಹಾಕಿದೆ. ನೀವು ಹಾಳೆ ಎಳೆದುಕೊಂಡು ನೋಡಿದಿರಿ. "ನಾನೇ ಮಾಡಿದ್ ಪ್ರಶ್ನೆ, ತಪ್ಪಿದ್ದು ನಂಗೊತ್ತಾಗಲ್ವೇನೇ? ಸರಿಯಾಗಿ ಹಾಕು." ಹಾಕಿದೆ. ಆಮೇಲೆ ನೀವು ಕೇಳಿದ್ದು ಒಂದೇ: "ಒಲೆ ಮುಂದೆ ನಿಲ್ಲೋಕ್ ಬಿಡಿ. ಪಕ್ಕದಲ್ಲಿ ಯಾರಾದ್ರೂ ನಿಂತ್ಕೊಳ್ಳಿ, ನಂದೇನೂ ಅಭ್ಯಂತರ ಇಲ್ಲ."

ನಿಂತೆವು. ನಾನು ಸ್ವಲ್ಪ, ನಿಮ್ಮ ಮಗ ಬಹಳ. ಬ್ಯಾಂಕಿನ ಕೆಲಸವನ್ನು ಅವಧಿಗೆ ಮುಂಚೆಯೇ ಬಿಟ್ಟದ್ದು ಅದಕ್ಕೇ. ನಿಮಗೆ ಮಾತ್ರ 'ಬೇಜಾರಾಯ್ತು, ಬಿಟ್ಟೆ' ಅಂದಿದ್ದರು. ಕೊನೆಕೊನೆಗೆ ನನ್ನ ಹೆಸರು ನಿಮಗೆ ಬರುತ್ತಿರಲಿಲ್ಲ. ಒಗ್ಗರಣೆ ಹಾಕುವ ಹೊತ್ತು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಈಗ ಶನಿವಾರದ ಸುದ್ದಿ. ನಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರನ್ನು ಸೇರಿಸಿ ಮಾತಾಡುತ್ತೇವೆ. ನಿಮ್ಮ ಮಗ ಕುರ್ಚಿ ಜೋಡಿಸಲು ಬರುತ್ತಾರೆ, ಜೋಡಿಸಿ ಹಿಂದೆ ಸುಮ್ಮನೆ ಕೂರುತ್ತಾರೆ. ಮಲ್ಲೇಶ್ವರದವರೊಬ್ಬರು, ತಾಯಿಗೆ ಕಾಯಿಲೆ ಅಂತ ಗೊತ್ತಾದ ದಿನವೇ ಅಡುಗೆಮನೆಗೆ ಬೀಗ ಹಾಕಿದೆ ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನಿಮ್ಮ ಮಗ ಎದ್ದು ನಿಂತರು. ಅಷ್ಟು ಜನರ ಮುಂದೆ!

"ನಾನು ಗ್ಯಾಸ್ ರೆಗ್ಯುಲೇಟರ್ ಬಿಚ್ಕೊಂಡು ಬ್ಯಾಂಕಿಗೆ ಹೋಗ್ತಿದ್ದೆ ಸಾರ್. ಹದಿನೇಳು ದಿನ. ಅಮ್ಮನಿಗೆ ಆಗ ಯಾವ ಕಾಯಿಲೇನೂ ಇರ್ಲಿಲ್ಲ. ಮುಂದೆ ನಿಜವಾಗ್ಲೂ ಬಂತು, ಆಗ ಒಲೆ ಮುಂದೇನೇ ಇದ್ರು, ಪಕ್ಕದಲ್ಲಿ ನಾನಿದ್ದೆ, ಏನೂ ಆಗ್ಲಿಲ್ಲ. ಬೀಗ ತೆಗೀರಿ ಸಾರ್. ತಪ್ಪಾಯ್ತು ಅಂತ ನಮ್ಮಮ್ಮನಿಗೆ ಹೇಳ್ಬೇಕಿತ್ತು. ಬಾಯೇ ಬರ್ಲಿಲ್ಲ. ಈಗ ಹೇಳೋಣ ಅಂದ್ರೆ..."

ಆ ಮನುಷ್ಯ ಮೆಲ್ಲಗೆ ಕೇಳಿದರು, "ರೆಗ್ಯುಲೇಟರ್ ವಾಪಸ್ ಕೊಟ್ರಲ್ಲ, ಅವತ್ತು ನಿಮ್ಮಮ್ಮ ಏನಂದ್ರು?"

ನಿಮ್ಮ ಮಗ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

"'ಕಾಫಿ ಕುಡೀತೀಯೇನೋ' ಅಂದ್ರು."