ಬಲಗಾಲಿಲ್ಲದ ನಲವತ್ತು ಪ್ಯಾಂಟು

ಕತ್ತರಿ ಮೇಜಿನಿಂದ,
ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು? ಭಾವನ ಕೆಮ್ಮು? ಕೇಳಬೇಕಾದ್ದು ಕೇಳಿದ್ದಾಯಿತು. ಇನ್ನು ಕೂತುಕೋ. ಕೂತೆಯಾ? ಸರಿ. ನನಗೆ ನಿನ್ನ ಮೇಲೆ ಕೆಂಡದಂಥ ಕೋಪ ಬಂದಿದೆ! ಭಾನುವಾರ ಫೋನಿನಲ್ಲಿ ಏನಂದೆ? "ಎರಡು ವರ್ಷ ನಿಂತಿದ್ದ ಮುಟ್ಟು ಮತ್ತೆ ಬಂದಿದೆ ಕಣೇ, ನಾನಿನ್ನೂ ಹುಡುಗೀನೇ" ಎಂದು ಕಿಲಕಿಲ ನಕ್ಕೆ. ನಾನು ಬಾಯಿ ತೆರೆಯುವಷ್ಟರಲ್ಲಿ "ಹಾಲು ಉಕ್ತಿದೆ" ಎಂದು ಇಟ್ಟುಬಿಟ್ಟೆ. ಈ ವಿಷಯ ಎತ್ತಿದಾಗಲೆಲ್ಲ ನಿನ್ನ ಮನೆಯಲ್ಲಿ ಹಾಲು ಉಕ್ಕುತ್ತದೆ! ಕಾಗದವನ್ನು ಹಾಗೆ ನಡುವೆ ಇಡಲಾರೆ, ಓದು.

ಹೋದ ವಾರ ನಾನು ಮಾಡಿದ ಘನಕಾರ್ಯ ಕೇಳು. ಶಾಲೆಯ ಸಮವಸ್ತ್ರ, ನಲವತ್ತು ಪ್ಯಾಂಟು. ಬಟ್ಟೆಯನ್ನು ಮುಖಕ್ಕೆ ಮುಖ ಕೊಟ್ಟು ಹಾಸಿದರೆ ಮಾತ್ರ ಎಡಗಾಲು ಬಲಗಾಲು ಜೋಡಿಯಾಗಿ ಬರುತ್ತವೆ. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವಳಿಗೆ ಇದು ಗೊತ್ತಿಲ್ಲವೇ? ಆದರೆ ಅವತ್ತು ಎದೆಯಿಂದ ನೆತ್ತಿಗೆ ಬೆಂಕಿ ಏರಿತು, ಬೆವರು ಕಣ್ಣಿಗಿಳಿಯಿತು, ಎಲ್ಲವನ್ನೂ ಒಂದೇ ಮುಖವಾಗಿ ಹಾಸಿ ಕತ್ತರಿಸಿಬಿಟ್ಟೆ. ಎಲ್ಲವೂ ಎಡಗಾಲು! ಮಾಲೀಕರು ಬಂದು "ಏನಮ್ಮಾ, ಆ ಮಕ್ಕಳಿಗೆ ಬಲಗಾಲೇ ಇಲ್ವಾ?" ಎಂದರು. ಇಡೀ ಹೊಲಿಗೆ ಕೋಣೆ ಗೊಳ್ಳೆಂದಿತು. ನಾನು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ಯಾಕೆಂದರೆ ಅದು ಮುಟ್ಟಿನ ಹತ್ತೊಂಬತ್ತನೇ ದಿನ.

ಹೌದು, ಹತ್ತೊಂಬತ್ತು! ಅದಕ್ಕೆ ಮುಂಚೆ ಎರಡೂವರೆ ತಿಂಗಳು ಪತ್ತೆಯೇ ಇರಲಿಲ್ಲ. ಅದಕ್ಕೂ ಮುಂಚೆ ಹದಿನೆಂಟು ದಿನಕ್ಕೇ ಹಾಜರ್. ಬೀರುವಿನ ಬಾಗಿಲ ಒಳಮೈಗೆ ಸೀಮೆಸುಣ್ಣದಿಂದ ಗೆರೆ ಎಳೆದು ಎಳೆದು ನೋಡಿದರೆ ಲೆಕ್ಕವೇ ಕೂಡದು. ಮೊದಲು ಬಸಿರೆಂದು ಹೆದರಿದೆ, ಆಮೇಲೆ ಗೆಡ್ಡೆಯೆಂದು ಹೆದರಿದೆ, ನನ್ನ ಕಿವಿಯೋಲೆ ಮಗಳಿಗೆ ಸೇರಬೇಕೆಂದು ಚೀಟಿ ಬೇರೆ ಬರೆದಿಟ್ಟೆ! ಆರು ತಿಂಗಳ ಹಿಂದೆ ನಿನ್ನನ್ನೇ ಕೇಳಿರಲಿಲ್ಲವೇ? "ಉಷ್ಣ ಕಣೇ, ನೀರು ಕುಡಿ." ಆಹಾ! ಆ ಹಾದಿಯನ್ನು ಕೊನೆತನಕ ನಡೆದು ಬಂದವಳು ನನಗೆ ಕೊಟ್ಟ ದಾರಿದೀಪ ಇದು!

ಕೊನೆಗೆ ನಿನ್ನೆ ಮಗಳು ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಆದ ಮೇಲೆ ಡಾಕ್ಟರಮ್ಮ, "ಗೆಡ್ಡೆ ಏನಿಲ್ಲ. ಮುಟ್ಟು ನಿಲ್ಲೋ ಕಾಲ ಹತ್ರ ಬರ್ತಿದೆ, ಅದಕ್ಕೇ ಈ ಏರುಪೇರು. ಆದ್ರೆ ಇಷ್ಟು ರಕ್ತ ಹೋಗೋವರೆಗೂ ಸುಮ್ನಿದ್ರಲ್ಲ, ಮನೇಲಿ ಅಕ್ಕ ಅಂತ ಯಾರೂ ಇಲ್ವಾ?" ಎಂದರು. ನಿನ್ನ ಮಾನ ಉಳಿಸಲು "ನಾನೊಬ್ಬಳೇ ಮಗಳು" ಎಂದುಬಿಟ್ಟೆ!

ಇನ್ನೊಂದು ಸಿಟ್ಟು. ನಿನಗೆ ಮುಟ್ಟು ನಿಲ್ಲುತ್ತಿದ್ದ ವರ್ಷ ನನ್ನ ಮೇಲೆ ಪಾತ್ರೆಯ ಮುಚ್ಚಳ ಎಸೆದು ಎಂಟು ತಿಂಗಳು ಮಾತು ಬಿಟ್ಟೆಯಲ್ಲ, ಅಕ್ಕನಿಗೆ ನಾನು ಬೇಡವಾದೆ ಎಂದೇ ತಿಳಿದಿದ್ದೆ. ನೀನು ನಿದ್ದೆಯಿಲ್ಲದೆ ಬೇಯುತ್ತಿದ್ದೆ ಎಂದು ಇವತ್ತು ಅರ್ಥವಾಗುತ್ತಿದೆ. ಒಂದೇ ಒಂದು ಮಾತು ಹೇಳಿದ್ದರೆ ಎಸೆಯಲು ಇನ್ನೊಂದು ಮುಚ್ಚಳ ನಾನೇ ತಂದುಕೊಡುತ್ತಿದ್ದೆ!

ಗಂಟೆ ಹೊಡೆಯಿತು, ಮಷೀನುಗಳು ಶುರುವಾದವು. ಭಾವನಿಗೆ ನಮಸ್ಕಾರ. ನಿನಗೆ ಇವತ್ತು ಇಲ್ಲ.

ನೀನೇ ಹೆಸರಿಟ್ಟ
ಗುಡುಗಮ್ಮ

ತಾ.ಕ.: ಹೊರಡುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಪೂರ್ತಿ ಒಂದು ವರ್ಷ ನಿಂತ ಮೇಲೆ ಒಂದು ಹನಿ ಕಂಡರೂ ಅದು ಮುಟ್ಟಲ್ಲವಂತೆ. ಬಹಳ ಸಲ ಸಣ್ಣ ಕಾರಣವೇ ಇರುತ್ತದಂತೆ, ಆದರೂ ತಡಮಾಡದೆ ತೋರಿಸಲೇಬೇಕಂತೆ, ಕ್ಯಾನ್ಸರಿದ್ದರೂ ಬೇಗ ಸಿಕ್ಕಿದರೆ ವಾಸಿಯಾಗುತ್ತದಂತೆ. ನಾನು ಮತ್ತೆ ಕುರ್ಚಿ ಎಳೆದು ಕೂತು "ಸುಳ್ಳು ಹೇಳಿದೆ ಡಾಕ್ಟ್ರೇ, ನನಗೊಬ್ಬಳು ಅಕ್ಕ ಇದ್ದಾಳೆ" ಎಂದೆ. ನಾಳೆ ಹತ್ತು ಗಂಟೆಗೆ ನಿನ್ನ ಹೆಸರು ಬರೆಸಿದ್ದೇನೆ, ಇವತ್ತು ರಾತ್ರಿ ನಮ್ಮ ಮನೆಯಲ್ಲೇ ಮಲಗು. ಈ ಕಾಗದ ತಂದ ನನ್ನ ಮಗಳು ಬಾಗಿಲಲ್ಲೇ ನಿಂತಿದ್ದಾಳೆ, ನೀನು ಚಪ್ಪಲಿ ಮೆಟ್ಟುವವರೆಗೂ ಕೂರುವುದಿಲ್ಲ, ನೀರೂ ಮುಟ್ಟುವುದಿಲ್ಲ. ಹಾಲು ಉಕ್ಕಿದರೆ ಉಕ್ಕಲಿ ಅಕ್ಕಾ, ಹೊರಡು.