ನಿಮ್ಮಪ್ಪ ಹೋದ ಮರುವರ್ಷ

ಮಂಗಳವಾರ, ಮಧ್ಯಾಹ್ನ

ಪುಟ್ಟಿ,

ಆಶೀರ್ವಾದ ನಿನಗೆ ಯಾವತ್ತೂ ಇದೆ, ಅದನ್ನು ಬರೆದು ಜಾಗ ಹಾಳು ಮಾಡುವುದಿಲ್ಲ. ಶುಕ್ರವಾರದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಕರಗುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೆ ಈ ಕಾಗದ.

ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ನಿಮ್ಮ ಎದುರಾಳಿ ಕಂಪನಿಯ ಆ ಮನುಷ್ಯ ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಕಿತ್ತು. ವಿಡಿಯೋ ಗೇಮ್ ಯಂತ್ರಗಳನ್ನು ಮಾಡುವವರ ಬಗ್ಗೆ ಬರೆಯುತ್ತಿದ್ದೇನೆ, ನಿಮ್ಮ ಮಗಳ ಬಾಲ್ಯದ ಬಗ್ಗೆ ನಾಲ್ಕು ಮಾತು ಬೇಕು ಎಂದ. ಹೆತ್ತವರಿಗೆ ಹೆಗ್ಗಣವೂ ಮುದ್ದು. ನನ್ನದಂತೂ ಒಂದು ವಿಭಾಗವನ್ನೇ ನಡೆಸುವ ಹೆಗ್ಗಣ. ಉಬ್ಬಿಹೋದೆ. ಹಳೆಯ ಫೋಟೋ ತೆಗೆದು ತೋರಿಸಿದೆ. ನಮ್ಮ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಮಕ್ಕಳು ಸಾಲುಗಟ್ಟಿ ನಿಂತಿದ್ದಾರೆ, ಮುಂದಿನ ಹುಡುಗಿಯ ಕೈಯಲ್ಲಿ ನೀನು ಮಾಡಿದ ಕಂಟ್ರೋಲರ್. ಬಟ್ಟೆ ಕ್ಲಿಪ್ಪಿನ ಸ್ಪ್ರಿಂಗು, ಹಳೇ ಟೇಪ್ ರೆಕಾರ್ಡರಿನ ಮೋಟರು ಸೇರಿಸಿ ಮಾಡಿದ್ದು. ಆಟದಲ್ಲಿ ಬಂಡೆ ಎಳೆದರೆ ಗುಂಡಿ ಬೆರಳಿಗೆ ಬಿಗಿಯಾಗುತ್ತಿತ್ತು, ಹಗ್ಗ ಹರಿದರೆ ಸಡಿಲವಾಗುತ್ತಿತ್ತು. ಯಾವಾಗಿನದು ಎಂದು ಕೇಳಿದ. ನಿಮ್ಮಪ್ಪ ಹೋದ ಮರುವರ್ಷದ ಕಾಲೇಜು ರಜೆಯಲ್ಲಿ ಎಂದೆ.

ನಿಮ್ಮ ಕಂಪನಿ ಆ ಗುಂಡಿಯ ಪೇಟೆಂಟ್‌ಗೆ ಅರ್ಜಿ ಹಾಕಿದ್ದು ಅದಾದ ಮೂರು ವರ್ಷಕ್ಕೆ. ಅರ್ಜಿಗೆ ಅಷ್ಟು ಮುಂಚೆಯೇ ಹತ್ತು ಜನರ ಮುಂದೆ ತೋರಿಸಿದ ವಸ್ತುವಿಗೆ ಪೇಟೆಂಟ್ ನಿಲ್ಲುವುದಿಲ್ಲವಂತೆ. ನಮ್ಮ ಗುಂಡಿಯನ್ನು ಕದ್ದು ತಮ್ಮ ಯಂತ್ರಕ್ಕೆ ಹಾಕಿಕೊಂಡರು ಎಂದು ನೀವು ಆ ಕಂಪನಿಯ ಮೇಲೆ ಹೂಡಿದ ದಾವೆ ನನ್ನ ಬಾಯಿಂದಲೇ ಬೀಳುವ ಹಾಗಾಯಿತು. ಆವತ್ತಿನ ಮಕ್ಕಳು ರೆಕ್ಕೆ ಬಲಿತು ಎಲ್ಲೆಲ್ಲೋ ಹಾರಿದ್ದಾರೆ. ಫೋಟೋದಲ್ಲಿ ತಾರೀಖಿಲ್ಲ. ನಿನ್ನನ್ನು ಬಿಟ್ಟರೆ ವರ್ಷ ಹೇಳಬಲ್ಲವಳು ನಾನೊಬ್ಬಳೇ. ಇದೆಲ್ಲ ನನಗೇನು ಗೊತ್ತಿತ್ತು?

ಇನ್ನು ನಿನ್ನದು. ಮನೆಯಲ್ಲಿ ಹೇಳಿದ್ದನ್ನು ಪ್ರಮಾಣ ಮಾಡಿ ಹೇಳಿ ಎಂದು ಶುಕ್ರವಾರ ಕರೆಸಿದರಲ್ಲ, ಆ ಉದ್ದ ಮೇಜಿನ ಕೋಣೆಯಲ್ಲಿ ನಿಮ್ಮ ವಕೀಲೆ ಒಂದು ಕಾಗದ ಓದಿದಳು. ಎರಡು ವರ್ಷದಿಂದ ನನ್ನ ತಾಯಿಗೆ ಮರೆವು ಹೆಚ್ಚಾಗಿದೆ, ವರ್ಷಗಳು ಕಲಸಿಹೋಗುತ್ತವೆ ಎಂದು. ಕೆಳಗೆ ನಿನ್ನ ಸಹಿ. ಒಂದು ಮಾತು ನನಗೆ ತಿಳಿಸಿರಲಿಲ್ಲ ನೀನು. ತಲೆಯೆತ್ತಿ ನೋಡಿದರೆ ನೀನು ಗಾಜಿನ ಆಚೆ ನಿಂತು ಗಡಿಯಾರ ನೋಡುತ್ತಿದ್ದೆ.

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ಎದ್ದು ನಿಂತು ನಿನ್ನ ಕಿವಿ ಹಿಂಡಬೇಕು ಎನ್ನಿಸಿತು. ಆದರೆ ನಿಜ ಹೇಳಿದರೆ ನೀನು ಸುಳ್ಳು ಸಹಿ ಹಾಕಿದವಳಾಗುತ್ತಿದ್ದೆ, ಅಲ್ಲೇ, ಅಷ್ಟು ಜನರ ಎದುರಿಗೆ. ವಕೀಲೆ ಬಹಳ ಮೃದುವಾಗಿ ಕೇಳಿದಳು, "ನಿಮ್ಮ ಯಜಮಾನ್ರು ತೀರ್ಕೊಂಡಿದ್ದು ಯಾವ ವರ್ಷ, ಅಮ್ಮಾ?"

"ನೆನಪಿಲ್ಲ," ಅಂದೆ.

ಅವರು ಕೊನೆಯ ಸಲ ನೀರು ಕೇಳಿದ ಗಳಿಗೆ ಕೂಡ ನನಗೆ ನೆನಪಿದೆ, ಪುಟ್ಟಿ. ಹೊರಗೆ ಬಂದಾಗ ನೀನು ಕೈ ಹಿಡಿದು ಥ್ಯಾಂಕ್ಸ್ ಅಮ್ಮ ಅಂದೆ. ಆಗ ಆದಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಮನೆಗೆ ಬಂದವಳಿಗೆ ನಿಮ್ಮಪ್ಪನ ಕುರ್ಚಿಯಲ್ಲಿ ಕೂರಲು ಧೈರ್ಯವಾಗಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎರಡು ತುತ್ತು ತಿಂದೆ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದ ಮಕ್ಕಳು ಶನಿವಾರದಿಂದಲೇ ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿಬಿಟ್ಟರು. ಕೆಳಗಿನ ಮನೆಯವಳನ್ನು ಹಿಡಿದು ಕೇಳಿದರೆ ತಡವರಿಸಿಕೊಂಡು ಹೇಳಿದಳು, "ನಿಮ್ಮ ಮಗಳೇ ಫೋನ್ ಮಾಡಿದ್ರು ಆಂಟಿ. ಅಮ್ಮಂಗೆ ಮರೆವು, ಗ್ಯಾಸ್ ಆಫ್ ಮಾಡಿದ್ದಾರಾ ಅಂತ ದಿನಾ ನೋಡಿ ಅಂದ್ರು." ಸುಳ್ಳಿಗೆ ಊರುಗೋಲು ಕೊಟ್ಟೆಯಲ್ಲ, ಜಾಣೆ. ಈಗ ಅವಳು ಬೆಳಿಗ್ಗೆ ಬಂದು ನನ್ನ ಒಲೆ ನೋಡಿ, ನಾನೇ ಮಾಡಿದ ಕಾಫಿ ಕುಡಿದು, ಸಕ್ಕರೆ ಹಾಕೋದು ಮರೆತಿಲ್ಲ ಎಂದು ನನ್ನನ್ನು ಹೊಗಳಿ ಹೋಗುತ್ತಾಳೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಬರುವ ಸೋಮವಾರ ಆ ಉದ್ದ ಮೇಜಿನ ಕಚೇರಿಗೆ ಹೋಗಿ ನನ್ನ ಹೇಳಿಕೆ ತಿದ್ದಿಸುತ್ತೇನೆ. ವರ್ಷವನ್ನೂ ಹೇಳುತ್ತೇನೆ. ಪೇಟೆಂಟ್ ಬಿದ್ದರೆ ನಿನ್ನ ಹುದ್ದೆಯೂ ಬೀಳಬಹುದು ಎಂದು ಗೊತ್ತು, ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಷ್ಟರೊಳಗೆ ನೀನೇ ನಿಮ್ಮವರ ಮುಂದೆ ನಿಂತು, ಅಮ್ಮನ ನೆನಪು ಸರಿಯಾಗಿದೆ, ಸುಳ್ಳು ಬರೆದುಕೊಟ್ಟವಳು ನಾನು ಎಂದರೆ, ಬೇರೆಯವರು ಹಿಡಿದು ನಿಲ್ಲಿಸುವುದು ತಪ್ಪುತ್ತದೆ. ಕೆಲಸ ಇನ್ನೊಂದು ಸಿಗುತ್ತದೆ. ಹೆದರಿಕೆಯಾದರೆ ಇಲ್ಲಿಗೆ ಬಾ, ಇಬ್ಬರೂ ಒಟ್ಟಿಗೇ ಹೋಗೋಣ.

ಎಲ್ಲ ನೆನಪಿರುವ
ನಿನ್ನ ಅಮ್ಮ

ವಿ.ಸೂ.: ಅಂಚೆಗೆ ಹಾಕಲು ಹೊರಟವಳು ಮೆಟ್ಟಿಲಿನಿಂದ ವಾಪಸ್ ಬಂದೆ. ನನಗೇನು ಗೊತ್ತಿತ್ತು ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಆ ಮನುಷ್ಯ ಎರಡು ಸಲ ಬಂದಿದ್ದ. ಮೊದಲ ಸಲ ಫೋಟೋ ನೋಡಿದನಷ್ಟೆ. ಎರಡನೇ ಸಲ ಅವರ ವಕೀಲರನ್ನು ಕರೆದುಕೊಂಡು ಬಂದ. ಅವರು ಏನೂ ಮುಚ್ಚಿಡಲಿಲ್ಲ. ನೀವು ವರ್ಷ ಹೇಳಿದರೆ ನಿಮ್ಮ ಮಗಳ ಕಂಪನಿ ಸೋಲಬಹುದು, ಯೋಚಿಸಿ ಹೇಳಿ ಎಂದರು. ಅದೇ ವಾರ ಪತ್ರಿಕೆಯಲ್ಲಿ ನಿನ್ನ ಸಂದರ್ಶನ ಬಂದಿತ್ತು. ನಾನು ಮಾಡುತ್ತಿದ್ದುದು ಏನೆಂದು ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಒಬ್ಬಳೇ ಕೂತು ಮಾಡಿದೆ ಎಂದು ನೀನು ಹೇಳಿದ್ದೆ. ಆ ರಜೆಯಿಡೀ ನೀನು ಬೆಸುಗೆ ಹಾಕುವಾಗ ಕೈ ಅಲುಗಿಸದೆ ತಂತಿ ಹಿಡಿದು ಕೂತವಳು ನಾನು. ನಾನು ಯೋಚಿಸಿಯೇ ಹೇಳಿದೆ, ಪುಟ್ಟಿ.